ಮನೆ ಬರ್ಕೊಟ್ರೆ ಬೈಯೋದು ನಿಲ್ಲುತ್ತೆ ಅನ್ಕೊಂಡಿದ್ದ ಅಮ್ಮ

ಇದು ಸಲಹೆ ಕೇಳ್ಕೊಂಡು ನನ್ನ ಹತ್ರ ಬಂದಿದ್ದ ಒಂದು ಕುಟುಂಬದ ವಿಷ್ಯ. ಅವ್ರನ್ನ ಕೇಳಿ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ. ಅಮ್ಮಂಗೆ 78, ಯಜಮಾನ್ರು ತೀರ್ಕೊಂಡು ತುಂಬಾ ವರ್ಷ ಆಗಿದೆ, ಮೂರು ಮಕ್ಕಳು. ದೊಡ್ಡ ಮಗ ದೂರದಲ್ಲಿದಾರೆ, ಚಿಕ್ಕ ಮಗ ಹತ್ರದಲ್ಲೇ ಇದ್ರೂ ವಾರಕ್ಕೊಂದ್ಸಲ ಮುಖ ತೋರಿಸಿ ಹೋಗೋರು. ಮಧ್ಯದ ಮಗಳು ಕೆಲಸ ಬಿಟ್ಟು ನಾಲ್ಕು ವರ್ಷದಿಂದ ಅಮ್ಮನ ಜೊತೇಲೇ ಇದಾರೆ.

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರೀತು, ಆಪರೇಷನ್ ಆಯ್ತು. ಎರಡನೇ ದಿನ ರಾತ್ರಿಯಿಂದ ಏನೇನೋ ಮಾತಾಡೋಕೆ ಶುರು ಮಾಡಿದ್ರು, ಮೂಲೇಲಿ ಯಾರೋ ನಿಂತಿದಾರೆ ಅನ್ನೋದು, ಮಗಳನ್ನೇ ನೋಡಿ ನೀನ್ಯಾರಮ್ಮ ಅನ್ನೋದು, ಬೆಳಿಗ್ಗೆ ಸ್ವಲ್ಪ ಸರಿ ಇರೋದು ಕತ್ತಲಾದ್ರೆ ಮತ್ತೆ ಅದೇ. ಗಂಡು ಮಕ್ಕಳಿಬ್ರೂ ಇದು ಡಿಮೆನ್ಷಿಯಾನೇ, ಅಂದ್ರೆ ಮರೆವಿನ ಕಾಯಿಲೆನೇ ಅಂತ ತೀರ್ಮಾನ ಮಾಡ್ಬಿಟ್ರು. ನೆಂಟರೊಬ್ರು ಕೈ ಆಡ್ತಿರೋವಾಗ್ಲೇ ಸೈನ್ ಹಾಕಿಸ್ಕೊಳ್ಳಿ ಅಂತ ಬೇರೆ ಹೇಳಿದಾರೆ. ಮಗಳು ಮನೆಯ ದಾನಪತ್ರದ ಡ್ರಾಫ್ಟ್ ಹಿಡ್ಕೊಂಡೇ ನನ್ನ ಹತ್ರ ಬಂದ್ರು. "ಮೇಡಂ, ಆಸೆಗೆ ಕೇಳ್ತಿಲ್ಲ, ಅಮ್ಮ ಹೋದ ಮಾರನೇ ದಿನ ಇವ್ರಿಬ್ರೂ ಮನೆ ಮಾರಿ ನನ್ನ ಬೀದಿಗೆ ಹಾಕ್ತಾರೆ" ಅಂದ್ರು. ನಾನು ನಂಬಿದೆ, ಈಗ್ಲೂ ನಂಬ್ತೀನಿ.

ಮೊದಲು ಹೇಳಿದ್ದು ಒಂದೇ ಮಾತು, ಈಗ ಯಾವ ಕಾಗದಕ್ಕೂ ಸೈನ್ ಬೇಡ. ಯಾಕಂದ್ರೆ ಡಿಮೆನ್ಷಿಯಾ ಹೀಗೆ ಒಂದು ರಾತ್ರೀಲಿ ಬರಲ್ಲ, ಸಾಮಾನ್ಯವಾಗಿ ತಿಂಗಳು ವರ್ಷಗಟ್ಲೆ ನಿಧಾನಕ್ಕೆ ಬರುತ್ತೆ. ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಶುರುವಾಗಿ ಏರಿಳಿತ ಆಗೋ ಗೊಂದಲಕ್ಕೆ ಡೆಲಿರಿಯಂ ಅಂತಾರೆ, ವಯಸ್ಸಾದವ್ರಲ್ಲಿ ದೊಡ್ಡ ಆಪರೇಷನ್ ಆದ್ಮೇಲೆ ಇದು ತುಂಬಾ ಮಾಮೂಲು. ನೋವು, ಮೂತ್ರದ ಸೋಂಕು, ನೀರು ಕಮ್ಮಿ ಆಗೋದು, ಮಲಬದ್ಧತೆ, ಕೆಲವು ನಿದ್ದೆ ಮಾತ್ರೆ, ಇದ್ರಲ್ಲಿ ಯಾವುದ್ರಿಂದ ಬೇಕಾದ್ರೂ ಆಗ್ಬಹುದು, ಕಾರಣ ಹುಡುಕಿ ಸರಿಮಾಡಿದ್ರೆ ಎಷ್ಟೋ ಜನಕ್ಕೆ ದಿನಗಳಲ್ಲಿ ವಾರಗಳಲ್ಲಿ ಇಳಿಯುತ್ತೆ, ಕೆಲವರಿಗೆ ಇನ್ನೂ ಜಾಸ್ತಿ ಸಮಯ ಬೇಕು. ಮಾತಾಡ್ತಾ ಗೊತ್ತಾಗಿದ್ದು, ಆಸ್ಪತ್ರೇಲಿ ಕಳ್ದೋಗ್ಬಾರ್ದು ಅಂತ ಅಮ್ಮನ ಕನ್ನಡಕ, ಕಿವಿ ಮಷಿನ್ ಎರಡನ್ನೂ ಮನೇಲಿ ಬೀಗ ಹಾಕಿಟ್ಟಿದ್ರು! ಕಣ್ಣು ಕಾಣದೆ ಕಿವಿ ಕೇಳದೆ ಗೊತ್ತಿಲ್ಲದ ರೂಮಲ್ಲಿ ಮಲಗಿದ್ರೆ ಯಾರಿಗಾದ್ರೂ ಗಾಬರಿ ಆಗಲ್ವಾ. ಅವತ್ತೇ ತಂದು ಹಾಕಿ, ಎದುರಿಗೆ ದೊಡ್ಡ ಗಡಿಯಾರ ಇಡಿ, ಹಗಲು ಕಿಟಕಿ ತೆಗೀರಿ, ಡಾಕ್ಟರ್‌ಗೆ ಡೆಲಿರಿಯಂ ಇರ್ಬಹುದಾ ಅಂತ ನೇರವಾಗಿ ಕೇಳಿ ಅಂದೆ.

ಐದು ವಾರ ಆದ್ಮೇಲೆ ಅಮ್ಮನ್ನ ನೋಡೋಕೆ ಹೋದೆ. ಮಗಳನ್ನ ಹೊರಗೆ ಕೂತಿರಿ ಅಂತ ಕೇಳ್ಕೊಂಡೆ, ಅವ್ರಿಗೆ ಬೇಜಾರಾಯ್ತು, ಆದ್ರೆ ಆಸ್ತಿ ಯಾರಿಗೆ ಹೋಗ್ಬಹುದೋ ಅವ್ರು ಎದುರಿಗೆ ಕೂತಿದ್ರೆ ಹಿರಿಯರ ಬಾಯಿಂದ ಬರೋ ಹೂಂ ಅನ್ನೋದನ್ನ ನಾನು ಒಪ್ಪಿಗೆ ಅಂತ ತಗೊಳ್ಳಲ್ಲ. ಅಮ್ಮ ಚೆನ್ನಾಗೇ ಮಾತಾಡಿದ್ರು. ಮನೆ ಬರ್ಕೊಡೋಕೆ ನಿಮಗೆ ಇಷ್ಟ ಇದ್ಯಾ ಅಂದ್ರೆ ಹೂಂ ಅಂದ್ರು. ಯಾಕಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಬರ್ಕೊಟ್ರೆ ಅವಳು ಬೈಯೋದು ನಿಲ್ಲಿಸ್ತಾಳೇನೋ ಅಂತ" ಅಂದ್ರು.

ಈ ಮಾತು ಓದಿ ಮಗಳನ್ನ ಕೆಟ್ಟವಳು ಅಂತ ಅನ್ಕೋಬೇಡಿ ದಯವಿಟ್ಟು. ನಾಲ್ಕು ವರ್ಷದಲ್ಲಿ ಒಂದು ರಾತ್ರಿನೂ ಪೂರ್ತಿ ನಿದ್ದೆ ಮಾಡಿಲ್ಲ ಆಕೆ, ಸಂಬಳ ಇಲ್ಲ ರಜೆ ಇಲ್ಲ. ಬೈಗುಳ ಬರ್ತಿದ್ದಿದ್ದು ಆ ಸುಸ್ತಿಂದ, ಮನೆ ಹೆಸರಿಗೆ ಆದ್ರೆ ಸುಸ್ತು ಹೋಗುತ್ತಾ?

ದಾನಪತ್ರ ಬೇಡ ಅಂತ ನಾನು ಹೇಳಿದ್ದಕ್ಕೆ ಮಗಳ ಮೇಲಿನ ಅನುಮಾನ ಕಾರಣ ಅಲ್ಲ. ದಾನ ಅಂದ್ರೆ ಈಗ್ಲೇ ಕೈ ಬಿಡ್ತು ಅಂತ, ವಾಪಸ್ ಪಡೆಯೋದು ತುಂಬಾ ಕಷ್ಟ. ಅಮ್ಮನಿಗಿಂತ ಮುಂಚೆ ಮಗಳಿಗೇ ಏನಾದ್ರೂ ಆದ್ರೆ, ಅಥವಾ ಮಗಳು ಸಾಲಕ್ಕೆ ಸಿಕ್ಕಿದ್ರೆ, ಅಮ್ಮ ಇರೋ ಮನೆ ಮೇಲೆ ಯಾರ್ಯಾರ್ದೋ ಹಕ್ಕು ಬರುತ್ತೆ. ವಿಲ್ ಆದ್ರೆ ಬರೆದವರು ಹೋದ್ಮೇಲೆ ಮಾತ್ರ ಜಾರಿ, ಬುದ್ಧಿ ನೆಟ್ಟಗಿರೋವರೆಗೂ ಬದಲಾಯಿಸ್ಬಹುದು. ದೊಡ್ಡ ಮಗ ಫೋನಲ್ಲಿ ಪವರ್ ಆಫ್ ಅಟಾರ್ನಿ (ಅಮ್ಮನ ಪರವಾಗಿ ವ್ಯವಹಾರ ಮಾಡೋಕೆ ಅಧಿಕಾರ ಕೊಡೋ ಪತ್ರ) ಒಂದಿದ್ರೆ ಸಾಕಲ್ವಾ ಅಂದ್ರು, ಸಾಕಾಗಲ್ಲ, ಕೊಟ್ಟವರು ತೀರ್ಕೊಂಡ್ರೆ ಅದು ಅಲ್ಲಿಗೆ ಮುಗೀತು. ಎಷ್ಟೋ ಕಡೆ ಅವ್ರ ಬುದ್ಧಿ ಹೋದ್ರೂ ಅದು ರದ್ದಾಗುತ್ತೆ, ಹಾಗಾಗಿ ಇದನ್ನ ವಕೀಲರ ಹತ್ರ ಕೇಳ್ಲೇಬೇಕು. ವಿಲ್‌ಗೆ ಸೈನ್ ಹಾಕೋ ದಿನಾನೇ ಡಾಕ್ಟರ್ ನೋಡಿ ಅರ್ಥ ಮಾಡ್ಕೊಂಡೇ ಸಹಿ ಹಾಕ್ತಿದಾರೆ ಅಂತ ಬರ್ಕೊಡ್ಲಿ, ಸಾಕ್ಷಿಗಳು ಆಸ್ತೀಲಿ ಪಾಲು ಇಲ್ಲದವ್ರಾಗಿರ್ಲಿ, ಇಷ್ಟಿದ್ರೆ ನಾಳೆ ಜಗಳಕ್ಕೆ ಜಾಗ ಕಮ್ಮಿ.

ಇನ್ನು ಆರೈಕೆ. ಮೂರೂ ಜನಾನ ಒಟ್ಟಿಗೆ ಕೂರಿಸಿ ಒಂದೊಂದು ಹಾಳೆ ಕೊಟ್ಟೆ. ಸ್ನಾನ, ಬಟ್ಟೆ ಹಾಕೋದು, ಟಾಯ್ಲೆಟ್, ಹಾಸಿಗೆಯಿಂದ ಏಳೋದು, ಮಲಮೂತ್ರ ಹಿಡಿತ, ಊಟ, ಈ 6 ಕೆಲಸ ಅಮ್ಮ ತಾವೇ ಮಾಡ್ಕೋತಾರಾ ಇಲ್ವಾ ಬರೀರಿ ಅಂದೆ. ಕಾಟ್ಜ್ ಸ್ಕೇಲ್ ಅಂತ ಡಾಕ್ಟರ್‌ಗಳು ಬಳಸೋ ಪಟ್ಟಿ ಇದು. ಗಂಡು ಮಕ್ಕಳು ಐದಕ್ಕೆ ತಾವೇ ಮಾಡ್ಕೋತಾರೆ ಅಂತ ಬರೆದ್ರು, ಮಗಳ ಹಾಳೇಲಿ ಊಟ ಒಂದೇ. ಹಾಳೆಗಳನ್ನ ಪಕ್ಕಪಕ್ಕ ಇಟ್ಟಾಗ ಚಿಕ್ಕ ಮಗ ತಲೆ ತಗ್ಗಿಸಿದ್ರು. ನಾನೇನೂ ಹೇಳ್ಬೇಕಾಗ್ಲಿಲ್ಲ.

ನನ್ನ ಸಲಹೆ, ನೋಡ್ಕೊಂಡಿದ್ದಕ್ಕೆ ಕೊಡೋದನ್ನ ಆಸ್ತಿ ಪಾಲಿಗೆ ಕಟ್ಟಿಹಾಕ್ಬೇಡಿ. ಅಮ್ಮನ ದುಡ್ಡಿಂದ್ಲೇ ಮಗಳಿಗೆ ತಿಂಗಳು ತಿಂಗಳು ಇಷ್ಟು ಅಂತ ಕೊಡಿ, ಬರ್ದಿಟ್ಟು, ಮೂವರಿಗೂ ಗೊತ್ತಿರೋ ಹಾಗೆ. ದೊಡ್ಡವ್ರು ಹಗಲಿಗೆ ಆಯಾ ಖರ್ಚು ಒಪ್ಕೊಂಡ್ರು, ಚಿಕ್ಕವ್ರು ವಾರಕ್ಕೆ ಎರಡು ರಾತ್ರಿ.

ವಿಲ್ ಬಗ್ಗೆ ಅಮ್ಮನ್ನೇ ಕೇಳಿದ್ವಿ. ಮನೆ ತಾವಿರೋವರೆಗೂ ತಮ್ಮ ಹೆಸರಲ್ಲೇ ಇರ್ಲಿ, ಆಮೇಲೆ ಮಗಳು ಬದುಕಿರೋವರೆಗೂ ಅಲ್ಲೇ ಇರ್ಲಿ, ಅವಳ ನಂತರ ಎಲ್ಲರ ಮಕ್ಕಳಿಗೂ ಸಮ ಅಂದ್ರು. ನಮಗ್ಯಾರಿಗೂ ಹೊಳೆದಿರ್ಲಿಲ್ಲ ಇದು, ವಕೀಲರು ಹಾಗೇ ಬರೆದ್ರು. ಚಿಕ್ಕ ಮಗ ಈಗ್ಲೂ ಅಕ್ಕನ ಹತ್ರ ಸರಿಯಾಗಿ ಮಾತಾಡಲ್ವಂತೆ, ಆದ್ರೆ ಆ ಎರಡು ರಾತ್ರಿ ತಪ್ಪಿಸಿಲ್ಲ, ಅಕ್ಕ ಬಾಗಿಲು ಹಾಕ್ಕೊಂಡು ಮಲಗ್ತಾರೆ.

ಒಂದು ಕೆಲಸ ಉಳ್ಕೊಂಡಿದೆ. ಮುಂದೆ ಮಾತಾಡೋಕಾಗದ ಸ್ಥಿತಿ ಬಂದ್ರೆ ಚಿಕಿತ್ಸೆ ಬಗ್ಗೆ ಯಾರು ಹೇಳ್ಬೇಕು ಅಂದಿದ್ದಕ್ಕೆ ಮಗಳು ಅಂತ ಅಮ್ಮ ತಕ್ಷಣ ಹೇಳಿದ್ರು, ಮೂಗಿನ ನಳಿಕೇಲಿ ಊಟ ಬೇಡ ಅಂತಾನೂ ಹೇಳಿದ್ರು. ಉಸಿರಾಟದ ಮಷಿನ್ ಹಾಕ್ಬೇಕಾ ಅನ್ನೋದಕ್ಕೆ ಮಾತ್ರ ಯೋಚ್ನೆ ಮಾಡಿ ಹೇಳ್ತೀನಿ ಅಂದಿದಾರೆ, ನಾವೂ ಅವಸರ ಮಾಡಿಲ್ಲ.