ಮನೆ ಕಡೆಗೆ ವಾಲಿದ ಸಿಲ್ವರ್ ಓಕ್ ಮರವನ್ನು ನಾನೇ ಕೊಯ್ಯಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಮನೆ ಹಿಂದೆ ಸುಮಾರು 50 ಅಡಿಯ ಸಿಲ್ವರ್ ಓಕ್ ಇದೆ, ಹೆಂಚಿನ ಕಡೆಗೆ ವಾಲಿದೆ, ಮಳೆಗಾಲಕ್ಕೆ ಮುಂಚೆ ತೆಗೆಯಬೇಕು. ಮರ ಕೊಯ್ಯುವವರು ಕೇಳುವ ದುಡ್ಡಿಗೆ ಒಂದು ಚೈನ್‌ಸಾನೇ ಬರುತ್ತದೆ, ಹಾಗಾದರೆ ನಾನೇ ಯಾಕೆ ಕೊಯ್ಯಬಾರದು?

ಬೇಡ. ಮಿಷನ್ ಬೇಕಾದರೆ ತಗೊಳ್ಳಿ, ಸೌದೆ ತುಂಡು ಮಾಡುವುದಕ್ಕೆ ಆಗುತ್ತದೆ. ಆ ಮರಕ್ಕೆ ಮಾತ್ರ ಕೈ ಹಾಕಬೇಡಿ.

ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ಮರಗಸಿ (ಕಾಫಿಗೆ ಬೆಳಕು ಬೀಳಲು ನೆರಳು ಮರದ ರೆಂಬೆ ಸವರುವುದು), ಮರ ಕೊಯ್ಯಿಸುವುದು ಎಲ್ಲ ವರ್ಷಾ ವರ್ಷಾ ಇದ್ದಿದ್ದೇ. ಮರ ಹತ್ತುವುದು ನನ್ನ ಕೈಲಾಗುವ ಕೆಲಸ ಅಲ್ಲ, ಆದರೆ ಹತ್ತುವವರ ಜೊತೆ ಕೆಳಗೆ ನಿಂತು ಹಗ್ಗ ಹಿಡಿದಿದ್ದೇನೆ, ಆ ಅನುಭವದಲ್ಲಿ ಹೇಳುತ್ತಿದ್ದೇನೆ.

ವಿಡಿಯೋಗಳಲ್ಲಿ ನೀವು ನೋಡಿರುವುದು ಬಯಲಲ್ಲಿ ನಿಂತ ಮರವನ್ನು ಬುಡದಿಂದ ಕೆಡವುವುದು. ಮರ ಯಾವ ಕಡೆ ಬೀಳಬೇಕೋ ಆ ಕಡೆ ಮೊದಲು ಬೆಣೆಯಾಕಾರದ ತುಂಡು ತೆಗೆದು ಬಾಯಿ ಬಿಡಿಸುತ್ತಾರೆ, ಬುಡದ ದಪ್ಪದಲ್ಲಿ ಕಾಲು ಭಾಗಕ್ಕಿಂತ ಆಳ ಹೋಗುವುದಿಲ್ಲ. ಆಮೇಲೆ ಹಿಂದಿನಿಂದ ಕೊಯ್ಯುತ್ತಾ ಬರುತ್ತಾರೆ. ಆದರೆ ಪೂರ್ತಿ ಕೊಯ್ಯುವುದಿಲ್ಲ, ಮಧ್ಯೆ ಒಂದು ಪಟ್ಟಿ ಬಿಡುತ್ತಾರೆ, ದಪ್ಪದ ಹತ್ತನೇ ಒಂದು ಭಾಗದಷ್ಟು. 18 ಇಂಚಿನ ಬುಡ ಅಂದರೆ ಎರಡು ಇಂಚಿಗಿಂತ ಸ್ವಲ್ಪ ಕಮ್ಮಿ. ಬಾಗಿಲಿನ ಕೀಲಿನ ಹಾಗೆ ಈ ಪಟ್ಟಿಯೇ ಮರವನ್ನು ಹಿಡಿದು ನಿಧಾನವಾಗಿ ಮಲಗಿಸುವುದು. ಇನ್ನೊಂಚೂರು ಕೊಯ್ದುಬಿಡೋಣ ಅಂತ ಪಟ್ಟಿಯನ್ನೂ ಕತ್ತರಿಸಿದರೆ ಮುಗೀತು, ಮರ ತನಗೆ ಬೇಕಾದ ಕಡೆ ಹೋಗುತ್ತದೆ.

ನಿಮ್ಮ ಮರಕ್ಕೆ ಬೇಕಾದ ಕಡೆ ಯಾವುದು ಅಂತ ನೀವೇ ಹೇಳಿದ್ದೀರಿ, ಹೆಂಚಿನ ಕಡೆ.

ವಾಲಿದ ಮರದಲ್ಲಿ ಇನ್ನೊಂದು ಅಪಾಯ ಇದೆ. ಅದರ ಬೆನ್ನಿನ ನಾರೆಲ್ಲ ಮೊದಲೇ ಬಿಗಿಯಾಗಿ ಎಳೆದುಕೊಂಡಿರುತ್ತದೆ. ಹಿಂದಿನಿಂದ ಕೊಯ್ಯುತ್ತಾ ಅರ್ಧಕ್ಕೆ ಬರುವಷ್ಟರಲ್ಲಿ ಕಾಂಡ ಉದ್ದಕ್ಕೆ ಸೀಳಿ, ಸೀಳಿದ ಭಾಗ ಹಿಂದಕ್ಕೆ ಹಾರಿ ಕೊಯ್ಯುವವನ ಎದೆಗೇ ಬರಬಹುದು. ಇಂಗ್ಲಿಷಿನವರು ಬಾರ್ಬರ್ ಚೇರ್ ಅನ್ನುತ್ತಾರೆ, ಅದಕ್ಕೆ ಸಿಕ್ಕಿ ಸತ್ತವರೂ ಇದ್ದಾರೆ. ಪಳಗಿದವರು ಇದಕ್ಕೆ ಮಿಷನ್ನಿನ ಮೂತಿಯನ್ನು ಕಾಂಡದ ಮಧ್ಯಕ್ಕೆ ತೂರಿಸಿ ಒಳಗಿನಿಂದ ಕೊಯ್ದು, ಬೆನ್ನಿನ ಕಡೆ ಸ್ವಲ್ಪ ಉಳಿಸಿ, ಅದನ್ನು ಕೊನೆಗೆ ಬಿಡಿಸುತ್ತಾರೆ. ಹೊಸಬರು ಈ ಪ್ರಯೋಗಕ್ಕೆ ಹೋದರೆ ಮೂತಿಯ ಮೇಲಿನ ಮೂಲೆ ಮರಕ್ಕೆ ತಗುಲಿ, ಮಿಷನ್ ಚಿಮ್ಮಿ ಮುಖಕ್ಕೇ ಬರುತ್ತದೆ.

ಹಾಗಾಗಿ ನಿಮ್ಮ ಮರವನ್ನು ಕೆಡವುವುದಲ್ಲ, ಇಳಿಸಬೇಕು. ತುದಿಯಿಂದ ತುಂಡು ತುಂಡಾಗಿ. ನೀವು ದುಡ್ಡು ಕೊಡುತ್ತಿರುವುದು ಇದಕ್ಕೇ. ಹತ್ತುವವನು ಮೊದಲು ರೆಂಬೆಗಳನ್ನು ಸವರುತ್ತಾ ಹೋಗುತ್ತಾನೆ. ದಪ್ಪ ರೆಂಬೆ ಆದರೆ ಮೊದಲು ಅಡಿಯಿಂದ ಸ್ವಲ್ಪ ಕಚ್ಚು ಹಾಕಿ ಆಮೇಲೆ ಮೇಲಿನಿಂದ ಕೊಯ್ಯುತ್ತಾನೆ, ಇಲ್ಲದಿದ್ದರೆ ರೆಂಬೆ ತೊಗಟೆ ಸುಲಿದುಕೊಂಡು ಜೋತು ಅವನ ಕಡೆಗೇ ಬೀಸುತ್ತದೆ. ಸಿಲ್ವರ್ ಓಕ್ ರೆಂಬೆ ಬೇರೆ ಪೆಡಸು, ಅದರ ಮೇಲೆ ಕಾಲಿಟ್ಟು ನಂಬುವ ಹಾಗಿಲ್ಲ. ಕಾಂಡದ ತುಂಡಿಗೆ ಹಗ್ಗ ಕಟ್ಟುತ್ತಾರೆ. ಹಗ್ಗದ ಇನ್ನೊಂದು ತುದಿಯನ್ನು ಕೆಳಗೆ ಗಟ್ಟಿಮರದ ಬುಡಕ್ಕೆ ಎರಡು ಮೂರು ಸುತ್ತು ಹಾಕಿ ಒಬ್ಬ ಹಿಡಿದಿರುತ್ತಾನೆ. ತುಂಡಿನ ಭಾರ ತಡೆಯುವುದು ಆ ಸುತ್ತಿನ ಉಜ್ಜಾಟವೇ ಹೊರತು ತೋಳಿನ ಬಲ ಅಲ್ಲ. ಒಂದು ಅಡಿ ದಪ್ಪ, ನಾಲ್ಕು ಅಡಿ ಉದ್ದದ ಹಸಿ ತುಂಡು ಅಂದರೆ ಸುಮಾರು 70 ಕೆಜಿ ಅಂದುಕೊಳ್ಳಿ. ಹಗ್ಗವನ್ನು ಕೈಗೆ ಸುತ್ತಿಕೊಂಡು ನಿಲ್ಲುವ ಆಳನ್ನು ಕಂಡರೆ ಅಲ್ಲೇ ಕೆಲಸ ನಿಲ್ಲಿಸಿ.

ನಮ್ಮಲ್ಲಿಗೆ ಬರುವ ತಂಡದಲ್ಲಿ ಹತ್ತುವವನು ತನ್ನ ಹಗ್ಗದವನನ್ನು ತಾನೇ ಕರೆತರುತ್ತಾನೆ. ಅವನು ಬರದಿದ್ದರೆ ಆ ದಿನ ಮರ ಹತ್ತುವುದೇ ಇಲ್ಲ, ಎಷ್ಟು ಕೂಲಿ ಕೊಟ್ಟರೂ ಅಷ್ಟೇ. ಮೊದಮೊದಲು ನನಗೆ ಇದು ನಖರಾ ಅನ್ನಿಸುತ್ತಿತ್ತು. ಮರದ ಸುತ್ತ ಸುತ್ತಿ, ಬುಡ ತಟ್ಟಿ ಪೊಳ್ಳು ಇದೆಯಾ ಅಂತ ಕೇಳಿಸಿಕೊಂಡು, ಎಲೆ ಅಡಿಕೆ ಹಾಕಿಕೊಂಡು ಸುಮ್ನೆ ಮೇಲೆ ನೋಡುತ್ತಾ ಕೂರುತ್ತಾರೆ. ಅರ್ಧ ಬೆಳಗ್ಗೆ ಹೀಗೇ ಹೋಗುತ್ತದೆ. ಅತ್ತಿ, ಅರಳಿ ಆದರೆ ಕೆಲವರು ಮುಟ್ಟುವುದೇ ಇಲ್ಲ. ತೊಗಟೆ ಒದ್ದೆ ಇದ್ದರೆ, ಗಾಳಿ ಎದ್ದರೆ ಇಳಿದುಬಿಡುತ್ತಾರೆ. ಇಂಥವರನ್ನೇ ಹುಡುಕಿ. ಬಂದವನೇ ಮಿಷನ್ ಸ್ಟಾರ್ಟ್ ಮಾಡುವವನು, ಕುಡಿದು ಬಂದವನು, ಇವರಿಬ್ಬರೂ ಎಷ್ಟೇ ಕಮ್ಮಿಗೆ ಬಂದರೂ ಬೇಡ.

ಹತ್ತಿರದಲ್ಲಿ ಕರೆಂಟ್ ತಂತಿ ಇದೆಯಾ? ಮಲೆನಾಡು, ಕೊಡಗಿನಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ತೋಟದ ಆಳುಗಳು ಸತ್ತ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಲೈನ್‌ಮನ್‌ಗೆ ಮುಂಚೆಯೇ ಹೇಳಿ ಲೈನ್ ಆಫ್ ಮಾಡಿಸಿ, ಅವರು ಆಫ್ ಆಗಿದೆ ಅಂದ ಮೇಲೇ ಏಣಿ ನಿಲ್ಲಿಸಿ.

ಪರ್ಮಿಷನ್ ವಿಷಯ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ಸರ್ವೆ, ತೆಂಗು ಇಂಥ ಕೆಲವಕ್ಕೆ ವಿನಾಯಿತಿ ಇದೆ. ಆದರೂ ನೀವು ಪಟ್ಟಣದಲ್ಲಿದ್ದರೆ ಒಂದು ಸಲ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಬಿಡಿ, ಪಕ್ಕದ ಮನೆಯವರು ಫೋನ್ ಮಾಡಿದ ಮೇಲೆ ಓಡಾಡುವುದಕ್ಕಿಂತ ವಾಸಿ.

ಕಾಮೆಂಟಿನಲ್ಲಿ ಒಬ್ಬರು "ತುದಿ ಮಾತ್ರ ಹೊಡೆಸಿ, ಸಾಕು" ಅಂದಿದ್ದಾರೆ. ತೋಟದ ನಡುವಿನ ಮರಕ್ಕೆ ಸರಿ, ಮನೆ ಪಕ್ಕಕ್ಕೆ ನಾನು ಒಪ್ಪುವುದಿಲ್ಲ. ಹೊಡೆದ ಜಾಗದಲ್ಲಿ ಚಿಗುರು ಗುಂಪಾಗಿ ಬರುತ್ತದೆ, ಅದು ಮೂಲ ರೆಂಬೆಯಷ್ಟು ಗಟ್ಟಿ ಕೂತಿರುವುದಿಲ್ಲ. ನಾಲ್ಕೈದು ವರ್ಷಕ್ಕೆ ಮತ್ತೆ ಇದೇ ಪ್ರಶ್ನೆ ಕೇಳುತ್ತೀರಿ.

ದುಡ್ಡಿನ ಮಾತಾಡುವಾಗ ಮರ ಯಾರಿಗೆ ಅನ್ನುವುದನ್ನೂ ಮೊದಲೇ ಮಾತಾಡಿ. ಸಿಲ್ವರ್ ಓಕ್ ಪ್ಲೈವುಡ್ ಮಿಲ್ಲಿಗೆ ಹೋಗುತ್ತದೆ, ಬುಡದ ಕಡೆ ಉದ್ದ ತುಂಡು ಉಳಿಸಿಕೊಟ್ಟರೆ ಅದಕ್ಕೆ ರೇಟು ಇದೆ, ಚಿಕ್ಕ ತುಂಡಾದರೆ ಸೌದೆ ಬೆಲೆಯೇ. ಮರ ಅವರಿಗೇ ಬಿಟ್ಟರೆ ಕೂಲಿಯಲ್ಲಿ ಎಷ್ಟು ಕಳೆಯುತ್ತಾರೆ ಅಂತ ಕೇಳಿ. ಬುಡದ ಸುತ್ತಳತೆ ಎಷ್ಟು, ತಂತಿ ಎಷ್ಟು ದೂರ ಅಂತ ಇಲ್ಲಿ ಬರೆದರೆ ಅವರು ಕೇಳಿದ ರೇಟು ಜಾಸ್ತಿನಾ ಅಲ್ವಾ ಅಂತ ಒಂದು ಅಂದಾಜು ಹೇಳುತ್ತೇನೆ.