ಟ್ಯಾಪೆಟ್ ಸದ್ದು ಮತ್ತೆ ಮತ್ತೆ ಯಾಕೆ?

ಪ್ರಶ್ನೆ: ಹಳೇ ಕಾರಿನ ಟ್ಯಾಪೆಟ್ (ಎಂಜಿನ್ ವಾಲ್ವ್ ತಳ್ಳುವ ಭಾಗ) ಎರಡು ಸಲ ಸೆಟ್ ಮಾಡಿಸಿದೆ. ಮತ್ತೆ ಟಿಕ್ ಟಿಕ್ ಶುರು. ಹೆಡ್ (ಎಂಜಿನ್‌ನ ಮೇಲ್ಭಾಗ) ಬಿಚ್ಚಿಸಲೇಬೇಕಾ?

ಉತ್ತರ: ಸುಮ್ನೆ ಬಿಚ್ಚಿಸಬೇಡಿ. ಮೊದಲು ಫೀಲರ್ ಗೇಜ್‌ (ಸಂದು ಅಳೆಯುವ ತೆಳು ಪಟ್ಟಿ) ಬಳಸಿ ಪ್ರತಿ ವಾಲ್ವ್‌ನ ಗ್ಯಾಪ್, ಅಂದರೆ ವಾಲ್ವ್ ತುದಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು, ಅಳೆದು ಬರೆದಿಡಿ, ಕೆಲವು ವಾರ ಓಡಿಸಿ ಮತ್ತೆ ಅಳೆಯಿರಿ, ಯಾವುದು ಬದಲಾಗಿದೆ ಅನ್ನೋದೇ ಇಲ್ಲಿ ಮುಖ್ಯ ಸುಳಿವು. ಒಂದೇ ವಾಲ್ವ್‌ನ ಗ್ಯಾಪ್ ಪದೇ ಪದೇ ಜಾಸ್ತಿಯಾದರೆ ಕ್ಯಾಮ್ ಲೋಬ್ (ತಿರುಗುತ್ತಾ ರಾಕರ್ ತಳ್ಳುವ ಉಬ್ಬು) ಅಥವಾ ರಾಕರ್ ಸವೆಯುತ್ತಿರಬಹುದು, ಇಲ್ಲವೇ ಸೆಟ್ಟಿಂಗ್ ಹಿಡಿದಿಡುವ ಲಾಕ್ ನಟ್ ಸಡಿಲ. ಆಗ ಎಷ್ಟು ಸೆಟ್ ಮಾಡಿದರೂ ಸದ್ದು ನಿಲ್ಲುವುದಿಲ್ಲ. ಗ್ಯಾಪ್ ಕಡಿಮೆಯಾಗುತ್ತಿದ್ದರೆ ಸೀಟ್ (ವಾಲ್ವ್ ಮುಚ್ಚಿದಾಗ ಕೂರುವ ಜಾಗ) ಸವೆದು ವಾಲ್ವ್ ಒಳಗೆ ಕೂರುತ್ತಿದೆ ಅಂತ ಅನುಮಾನಿಸಿ. ಇದು ಸದ್ದೇ ಮಾಡುವುದಿಲ್ಲ, ನನ್ನ ಪ್ರಕಾರ ಅದಕ್ಕೇ ಇದು ಜಾಸ್ತಿ ಅಪಾಯ: ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒತ್ತಡ ಹಿಡಿಯುತ್ತದಾ ಅನ್ನೋ ಪರೀಕ್ಷೆ) ಮಾಡಿಸಿ. ಎಲ್ಲ ವಾಲ್ವ್‌ಗಳೂ ಒಟ್ಟಿಗೆ ಸದ್ದು ಮಾಡಿದರೆ ಆಯಿಲ್ ಪ್ರೆಷರ್ ನೋಡಿಸಿ.