ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವ ಇಲ್ಲವೇ? – ಸಂಪಾದಕರ ಉತ್ತರ

ಓದುಗರ ಪತ್ರ: ಮಾನ್ಯ ಸಂಪಾದಕರಿಗೆ ನಮಸ್ಕಾರಗಳು. 2025ರ ಜೂನ್–ಜುಲೈನಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ, ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರುಕಾಳು ಮತ್ತು ಮೆಂತ್ಯವನ್ನು ಮೊಳಕೆ ಬರಿಸಿದ ಸುದ್ದಿ ನೋಡಿದೆ. ಅಲ್ಲಿ ಗುರುತ್ವಾಕರ್ಷಣೆಯೇ ಇಲ್ಲ ಎಂದು ಟಿ.ವಿ.ಯಲ್ಲಿ ಹೇಳಿದರು. ಹಾಗಿದ್ದರೆ ನಿಲ್ದಾಣ ಭೂಮಿಯನ್ನು ಬಿಟ್ಟು ಹೋಗದೆ ಸುತ್ತುತ್ತಿರುವುದೇಕೆ? ನಾನು ಬಿ.ಕಾಂ. ಓದಿದವನು, ಸ್ಟೇಷನರಿ ಅಂಗಡಿ ಇಟ್ಟುಕೊಂಡಿದ್ದೇನೆ, ವಯಸ್ಸು ನಲವತ್ತು ದಾಟಿದೆ. ಹಣ ಕೊಡದೆ, ಆದಷ್ಟೂ ಕನ್ನಡದಲ್ಲೇ ಭೌತಶಾಸ್ತ್ರ ಕಲಿಯಲು ದಾರಿಯಿದೆಯೇ? ತಡವಾಯಿತೇ?
– ಓದುಗರೊಬ್ಬರು, ಗದಗ

ಮಾನ್ಯರೆ,

ನಿಮ್ಮ ಅನುಮಾನ ಸರಿಯಾಗಿದೆ. ತಪ್ಪಿರುವುದು ನೀವು ಕೇಳಿದ ಸುದ್ದಿ. ನಿಲ್ದಾಣವು ನೆಲದಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿದೆ. ಗುರುತ್ವವನ್ನು ಲೆಕ್ಕ ಹಾಕುವಾಗ ದೂರವನ್ನು ನೆಲದಿಂದಲ್ಲ, ಭೂಮಿಯ ಕೇಂದ್ರದಿಂದ ಅಳೆಯಬೇಕು. ಭೂಮಿಯ ತ್ರಿಜ್ಯವೇ ಸುಮಾರು 6,370 ಕಿ.ಮೀ. ಇರುವುದರಿಂದ ನಿಲ್ದಾಣದ ದೂರ 6,770 ಕಿ.ಮೀ. ಆಯಿತು. ದೂರದ ವರ್ಗಕ್ಕೆ ವಿಲೋಮವಾಗಿ ಗುರುತ್ವ ಕಡಿಮೆಯಾಗುತ್ತದೆ ಎಂಬ ನ್ಯೂಟನ್ನನ ನಿಯಮದಂತೆ 6,370ನ್ನು 6,770ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 0.885 ಬರುತ್ತದೆ. ಗುರುತ್ವ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡೂ ಹೆಚ್ಚುವ ಪ್ರಮಾಣ, ನೆಲದ ಮೇಲೆ ಸೆಕೆಂಡಿಗೆ 9.8 ಮೀಟರ್ ಇದ್ದರೆ ಅಲ್ಲಿ 8.7 ಮಾತ್ರ, ಇಳಿಕೆ ಶೇ. 12ರ ಆಸುಪಾಸು, ಅಷ್ಟೆ. ಅಷ್ಟೆತ್ತರದ ಗೋಪುರ ಕಟ್ಟಿ ಅದರ ತುದಿಯಲ್ಲಿ ತೂಕದ ಯಂತ್ರ ಇಟ್ಟರೆ, ಇಲ್ಲಿ 60 ಕೆ.ಜಿ. ತೂಗುವವರು ಅಲ್ಲಿ 53 ಕೆ.ಜಿ. ತೂಗುತ್ತಾರೆ. ತೇಲುವುದಿಲ್ಲ.

ಗೋಪುರದ ಮೇಲೆ ತೇಲದವರು ನಿಲ್ದಾಣದಲ್ಲಿ ತೇಲುವುದೇಕೆಂದರೆ, ನಿಲ್ದಾಣವೂ ಅದರೊಳಗಿನವರೂ ಅವರ ಮೊಳಕೆ ಕಾಳುಗಳೂ ಒಟ್ಟಿಗೆ ಒಂದೇ ಸಮನೆ ಬೀಳುತ್ತಿರುವುದರಿಂದ. ಕಾಲ ಕೆಳಗಿನ ನೆಲವೂ ನಮ್ಮೊಡನೆ ಬೀಳುತ್ತಿದ್ದರೆ ಅದು ನಮ್ಮನ್ನು ಒತ್ತುವುದಿಲ್ಲ. ಒತ್ತದಿದ್ದಾಗ ತೂಕ ಅನುಭವಕ್ಕೆ ಬರುವುದಿಲ್ಲ. ಬೀಳುತ್ತಿರುವುದು ನೆಲಕ್ಕೆ ಬಂದು ಅಪ್ಪಳಿಸುವುದಿಲ್ಲವೇಕೆ ಎಂಬುದು ಸಹಜವಾದ ಮುಂದಿನ ಪ್ರಶ್ನೆ, ಅದನ್ನೂ ಲೆಕ್ಕ ಮಾಡಿಯೇ ನೋಡೋಣ. ನಿಲ್ದಾಣದ ವೇಗ ಸೆಕೆಂಡಿಗೆ ಸುಮಾರು 7.7 ಕಿ.ಮೀ. ಒಂದು ಸೆಕೆಂಡಿನಲ್ಲಿ ಅದು ಭೂಮಿಯತ್ತ ಬೀಳುವುದು 8.7ರ ಅರ್ಧ (ಸೊನ್ನೆಯಿಂದ 8.7ಕ್ಕೇರುವ ವೇಗದ ಸರಾಸರಿ), ಅಂದರೆ 4.35 ಮೀಟರ್. ಅದೇ ಒಂದು ಸೆಕೆಂಡಿನಲ್ಲಿ ಅದು ನೇರವಾಗಿ 7.7 ಕಿ.ಮೀ. ಸಾಗಿದರೆ, ಭೂಮಿ ದುಂಡಗಿರುವುದರಿಂದ ಕೇಂದ್ರದಿಂದ ಎಷ್ಟು ದೂರ ಸರಿಯುತ್ತದೆ? ಸಾಗಿದ ದೂರದ ವರ್ಗವನ್ನು ಕೇಂದ್ರದಿಂದ ನಿಲ್ದಾಣಕ್ಕಿರುವ ದೂರದ, ಅಂದರೆ 6,770 ಕಿ.ಮೀ.ಯ, ಎರಡರಷ್ಟರಿಂದ ಭಾಗಿಸಿ ನೋಡಿ, ಅಲ್ಲಿಯೂ ಸುಮಾರು 4.35 ಮೀಟರೇ ಬರುತ್ತದೆ. ಎಷ್ಟು ಬಿತ್ತೋ ಅಷ್ಟೇ ಮೇಲಾಯಿತು. ಎತ್ತರ ಇದ್ದಲ್ಲೇ ಇತ್ತು. ಸುಮಾರು 92 ನಿಮಿಷಕ್ಕೊಂದು ಸುತ್ತು ಬರುವುದು ಹೀಗೆ. ಎತ್ತರದ ಬೆಟ್ಟದ ಮೇಲಿನಿಂದ ಹೆಚ್ಚು ಹೆಚ್ಚು ವೇಗದಲ್ಲಿ ಎಸೆದ ವಸ್ತು ಕೊನೆಗೊಮ್ಮೆ ನೆಲ ಮುಟ್ಟದೆ ಭೂಮಿಯನ್ನೇ ಸುತ್ತೀತು ಎಂದು ನ್ಯೂಟನ್ 17ನೆಯ ಶತಮಾನದಲ್ಲೇ ಚಿತ್ರ ಬರೆದು ತೋರಿಸಿದ್ದ.

ಮೊಳಕೆಯ ವಿಷಯವೂ ಇದಕ್ಕೆ ಸೇರಿದ್ದೇ. ಬೇರಿನ ತುದಿಯ ಕೆಲವು ಕೋಶಗಳಲ್ಲಿ ಪಿಷ್ಟದ ಭಾರವಾದ ಕಣಗಳಿರುತ್ತವೆ; ಅವು ತಳಕ್ಕಿಳಿದು ಕೂತಾಗ ಬೇರಿಗೆ ಕೆಳಗು ಯಾವುದೆಂಬ ಸೂಚನೆ ದೊರೆಯುತ್ತದೆ. ಎಲ್ಲವೂ ಒಟ್ಟಿಗೆ ಬೀಳುತ್ತಿರುವಲ್ಲಿ ಆ ಕಣಗಳು ತಳಕ್ಕಿಳಿಯುವುದಿಲ್ಲ.

ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. ಮೇಲಿನ ಲೆಕ್ಕಕ್ಕೆ ಹತ್ತನೆಯ ತರಗತಿಯ ಗಣಿತಕ್ಕಿಂತ ಹೆಚ್ಚಿನದೇನೂ ಬೇಕಾಗಲಿಲ್ಲ. ನೀವು ಟಿ.ವಿ.ಯ ಒಂದು ಮಾತನ್ನು ನಿಮಗೆ ಮೊದಲೇ ತಿಳಿದಿದ್ದ ಇನ್ನೊಂದು ಸಂಗತಿಯೊಡನೆ ಇಟ್ಟು, ಎರಡೂ ಒಟ್ಟಿಗೆ ನಿಜವಾಗಲಾರವು ಎಂದು ಕಂಡುಕೊಂಡಿರಿ. ಭೌತಶಾಸ್ತ್ರ ಕಲಿಯುವವರು ಮಾಡಬೇಕಾದ ಕೆಲಸ ಬಹುಮಟ್ಟಿಗೆ ಇದೇ. ಆದ್ದರಿಂದ ನನ್ನ ಸಲಹೆ: ಪಠ್ಯಕ್ರಮದ ಮೊದಲ ಪುಟದಿಂದಲ್ಲ, ನಿಮ್ಮದೇ ಪ್ರಶ್ನೆಯಿಂದ ಆರಂಭಿಸಿ, ಅದಕ್ಕೆ ಬೇಕಾದಷ್ಟನ್ನು ಹಿಂದಕ್ಕೆ ಹುಡುಕುತ್ತ ಹೋಗಿ.

ಉಚಿತ ಸಾಮಗ್ರಿಗೆ ಈಗ ಬರವಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘವು ಕನ್ನಡ ಮಾಧ್ಯಮದ ಪ್ರೌಢಶಾಲಾ ವಿಜ್ಞಾನ ಪಠ್ಯಗಳನ್ನು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಕೊಡುತ್ತದೆ. ಚಲನೆ, ಬಲ, ಗುರುತ್ವದ ಪಾಠಗಳನ್ನು ಅಲ್ಲಿಂದ ಓದಿ. ದೊಡ್ಡವರು ಶಾಲಾಪುಸ್ತಕ ಹಿಡಿಯಲು ಹಿಂಜರಿಯುತ್ತಾರೆ, ಅದು ಅನಗತ್ಯ. ಅನಂತರ ಎನ್‌ಸಿಇಆರ್‌ಟಿಯ 11ನೆಯ ತರಗತಿಯ ಭೌತಶಾಸ್ತ್ರ; ನಮ್ಮ ಪಿಯು ವಿದ್ಯಾರ್ಥಿಗಳು ಓದುವುದೂ ಅದನ್ನೇ, ಅದೂ ಉಚಿತವೇ, ಆದರೆ ಇಂಗ್ಲಿಷಿನಲ್ಲಿದೆ. ಕನ್ನಡದ ಓದುಗರು ಸಾಮಾನ್ಯವಾಗಿ ಕೈಬಿಡುವುದು ಈ ತಿರುವಿನಲ್ಲಿ, ಮತ್ತು ಅದು ಅವರ ತಪ್ಪಲ್ಲ. ಪಿಯು ಮಟ್ಟದಿಂದ ಮೇಲೆ ಕನ್ನಡದಲ್ಲಿ ಕ್ರಮವಾಗಿ ಓದಿಸುವ ಭೌತಶಾಸ್ತ್ರದ ಪುಸ್ತಕಗಳು ಬಹಳ ಕಡಿಮೆ. ಎರಡೂ ಪುಸ್ತಕಗಳ ಅದೇ ಪಾಠವನ್ನು ಅಕ್ಕಪಕ್ಕ ಇಟ್ಟುಕೊಂಡು ಓದುವುದು ಇದಕ್ಕೆ ಸದ್ಯದ ಪರಿಹಾರ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಯೋಜನೆಯನ್ನು ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದರು. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಅದರ ಅಣಕು ಪ್ರಯೋಗಗಳಲ್ಲಿ ಗುರುತ್ವ ಮತ್ತು ಕಕ್ಷೆಗಳ ಕುರಿತದ್ದೊಂದಿದೆ. ಗುರುತ್ವವನ್ನು ಇಲ್ಲವಾಗಿಸಿದರೆ ಉಪಗ್ರಹ ಏನಾಗುತ್ತದೆ ಎಂದು ನೀವೇ ಮಾಡಿ ನೋಡಬಹುದು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಉಪನ್ಯಾಸಗಳು ಪದವಿ ಮಟ್ಟದವು. ನೋಡಲು ಹಣವಿಲ್ಲ, ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಪರೀಕ್ಷೆಯ ಶುಲ್ಕ ಕೊಡಬೇಕು.

ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರು 1961ರಿಂದ 1963ರವರೆಗೆ ಅಲ್ಲಿನ ಕ್ಯಾಲ್ಟೆಕ್ ವಿದ್ಯಾಸಂಸ್ಥೆಯಲ್ಲಿ ನೀಡಿದ ಉಪನ್ಯಾಸಗಳ ಸಂಪುಟಗಳೂ ಈಗ ಉಚಿತವಾಗಿ ಓದಲು ಸಿಗುತ್ತವೆ. ಯಾರನ್ನು ಕೇಳಿದರೂ ಮೊದಲು ಇದನ್ನೇ ಹೆಸರಿಸುತ್ತಾರೆ. ನಾನು ಮೊದಲಿಗೆ ಇದನ್ನು ಸೂಚಿಸಲಾರೆ. ವಿದ್ಯಾರ್ಥಿಗಳ ಮಟ್ಟಿಗೆ ತಮ್ಮ ಪ್ರಯತ್ನ ಅಷ್ಟಾಗಿ ಫಲಿಸಿತೆಂದು ತಮಗೆ ಅನ್ನಿಸುವುದಿಲ್ಲ ಎಂಬರ್ಥದ ಮಾತನ್ನು ಫೈನ್‌ಮನ್ ತಾವೇ ಮುನ್ನುಡಿಯಲ್ಲಿ ಬರೆದಿದ್ದಾರೆ. ಒಂದು ವಿಷಯವನ್ನು ಬೇರೆಡೆ ಕಲಿತ ಮೇಲೆ ಅಲ್ಲಿಗೆ ಹೋದರೆ ಆ ಪುಸ್ತಕದ ಸೊಗಸು ಕಾಣುತ್ತದೆ.

ಒಂದು ಎಚ್ಚರಿಕೆ. ಕಪ್ಪುರಂಧ್ರ, ಕ್ವಾಂಟಂ, ಸಮಾಂತರ ವಿಶ್ವಗಳ ಬಗ್ಗೆ ರಾತ್ರಿಯಿಡೀ ವಿಡಿಯೊ ನೋಡಿ, ಎಲ್ಲವೂ ಅರ್ಥವಾದಂತಿದೆ ಆದರೆ ಹೇಳಲು ಬರುತ್ತಿಲ್ಲ ಎಂದು ನಮಗೆ ಬರೆಯುವವರು ಬಹಳ ಮಂದಿ. ಕೈಯಲ್ಲಿ ಪೆನ್ಸಿಲ್ ಇಲ್ಲದೆ ನೋಡಿದ್ದು ಈಜುವವರನ್ನು ದಡದಲ್ಲಿ ನಿಂತು ನೋಡಿದಂತೆ. ಪಾಠದ ಕೊನೆಯ ಲೆಕ್ಕಗಳಲ್ಲಿ ಅರ್ಧದಷ್ಟನ್ನಾದರೂ, ಉತ್ತರ ನೋಡದೆ, ಮಾಡದ ಹೊರತು ಮುಂದಿನ ಪಾಠಕ್ಕೆ ಹೋಗಬೇಡಿ. ಕೇಳಿದೊಡನೆ ಉತ್ತರ ಹೇಳುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳನ್ನು ಬಳಸುವುದಾದರೂ, ಅವು ಕೊಟ್ಟ ಸಂಖ್ಯೆಯನ್ನು ನೀವು ಒಮ್ಮೆ ಲೆಕ್ಕ ಹಾಕಿ ತಾಳೆ ನೋಡಿ.

ಜೊತೆಗೆ ಒಬ್ಬರಾದರೂ ಸಂಗಾತಿ ಬೇಕು. ಮುಂದೆ ವಿದ್ಯುತ್ತಿನ ಸಂಶೋಧನೆಗಳಿಗೆ ಹೆಸರಾದ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸ ಕಲಿಯುತ್ತಿದ್ದಾಗ, 1810ರಲ್ಲಿ, ಜಾನ್ ಟೇಟಮ್ ಎಂಬುವರ ವಿಜ್ಞಾನ ಉಪನ್ಯಾಸಗಳಿಗೆ ಹೋಗತೊಡಗಿದ. ಒಂದೊಂದಕ್ಕೂ ಒಂದು ಶಿಲ್ಲಿಂಗ್, ಅದನ್ನು ಕೊಟ್ಟದ್ದು ಅವನ ಅಣ್ಣ. ಹೆಸರಾಂತ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಅವನು ಕೇಳಿದ ಕಥೆ ಪ್ರಸಿದ್ಧ. ಅಷ್ಟೇ ಮುಖ್ಯವಾದದ್ದು, ಟೇಟಮ್‌ನ ಆ ಕೂಟದಲ್ಲಿ ಪರಿಚಯವಾದ ಬೆಂಜಮಿನ್ ಅಬಟ್ ಎಂಬ ಗೆಳೆಯನಿಗೆ ತಾನು ಕಲಿತದ್ದನ್ನೂ ಮಾಡಿದ ಪ್ರಯೋಗಗಳನ್ನೂ ಅವನು ಉದ್ದುದ್ದ ಪತ್ರಗಳಲ್ಲಿ ಬರೆಯುತ್ತಿದ್ದದ್ದು. ನಿಮ್ಮ ಅಂಗಡಿಗೆ ಬರುವ ಪಿಯು ವಿದ್ಯಾರ್ಥಿಗಳಲ್ಲಿ ಯಾರನ್ನಾದರೂ ಮಾತಿಗೆಳೆಯಿರಿ, ಇಬ್ಬರಿಗೂ ಲಾಭ.

ತಡವಾಯಿತೇ ಎಂದು ಕೇಳಿದ್ದೀರಿ. ನಿಮಗೆ ಪರೀಕ್ಷೆಯಿಲ್ಲ, ರ‍್ಯಾಂಕಿಲ್ಲ, ಗಡುವಿಲ್ಲ, ತಡವಾಗಲು ಏನಿದೆ?

ಮೊದಲ ಲೆಕ್ಕವನ್ನು ನಾನೇ ಕೊಡುತ್ತೇನೆ. ಹಾಸನದಲ್ಲಿರುವ ಇಸ್ರೊದ ಪ್ರಧಾನ ನಿಯಂತ್ರಣ ಕೇಂದ್ರವು ನೋಡಿಕೊಳ್ಳುವ ಸಂಪರ್ಕ ಉಪಗ್ರಹಗಳು ತಿರುಗುವ ಭೂಮಿಯ ಜೊತೆಜೊತೆಗೇ ದಿನಕ್ಕೊಂದೇ ಸುತ್ತು ಬರುತ್ತವೆ, ಹಾಗಾಗಿಯೇ ನಮ್ಮ ಮನೆಯ ಡಿಶ್ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೆ. ಸುತ್ತಿನ ಅವಧಿಯ ವರ್ಗವು ಕೇಂದ್ರದಿಂದಿರುವ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಕೆಪ್ಲರನ ನಿಯಮ. ನಿಲ್ದಾಣದ 92 ನಿಮಿಷ, 6,770 ಕಿ.ಮೀ.ಗಳನ್ನು ಹಿಡಿದುಕೊಂಡು ಆ ಉಪಗ್ರಹಗಳು ನೆಲದಿಂದ ಎಷ್ಟು ಎತ್ತರದಲ್ಲಿರಬೇಕೆಂದು ಕಂಡುಹಿಡಿಯಿರಿ. ಉತ್ತರ 36,000 ಕಿ.ಮೀ.ಗೆ ಹತ್ತಿರ ಬರಬೇಕು. 42,000 ಬಂದರೆ ಭೂಮಿಯ ತ್ರಿಜ್ಯ ಕಳೆಯುವುದನ್ನು ಮರೆತಿದ್ದೀರಿ ಎಂದರ್ಥ. ಬಿಡಿಸಿದ ಹಾಳೆಯನ್ನು, ಹೊಡೆದುಹಾಕಿದ ಸಾಲುಗಳ ಸಮೇತ, ನಮಗೆ ಕಳುಹಿಸಿಕೊಡಿ.

– ಸಂಪಾದಕ